ಹತ್ತು ಯೂನಿಟ್ ಬ್ಯಾಟರಿ ಬೇಕಾ? ಮೈಸೂರಿನ ಒಂದು ಮನೆಯ ಲೆಕ್ಕ

ಈ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕರೆಂಟಿನ ಲೆಕ್ಕ, ದುಡ್ಡಿನ ಲೆಕ್ಕ ಮಾತ್ರ ಇದ್ದ ಹಾಗೇ ಇದೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಮೈಸೂರಿನಲ್ಲಿ ಮನೆಗಳ ವೈರಿಂಗ್, ಇನ್ವರ್ಟರ್, ಸೋಲಾರ್ ಕೆಲಸ ಮಾಡಿಸಿಕೊಂಡು ಬಂದವನು. "ಲಿಥಿಯಂ ಬ್ಯಾಟರಿ ಹಾಕಿಸಿಬಿಡಲಾ?" ಅಂತ ಈಚೆಗೆ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡುವ ಅವಕಾಶ ಸಿಕ್ಕಿದ್ದು ಈ ಮನೆಯಲ್ಲಿ.

ಮನೆ ಇರುವುದು ಔಟರ್ ರಿಂಗ್ ರೋಡ್ ಆಚೆಗಿನ ಒಂದು ಬಡಾವಣೆಯಲ್ಲಿ. 30-40 ಸೈಟು, ಕೆಳಗೆ ಮನೆ, ಮೇಲೆ ಒಂದು ರೂಮು. ನಿವೃತ್ತ ಮೇಷ್ಟ್ರು, ಅವರ ಪತ್ನಿ, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಮಗ, ಮತ್ತೆ ಮೇಷ್ಟ್ರ ತಾಯಿ. ಅಜ್ಜಿಗೆ ಎಂಬತ್ತು ದಾಟಿದೆ. ಶ್ವಾಸಕೋಶದ ತೊಂದರೆ ಆಗಿ, ಆಸ್ಪತ್ರೆಯಿಂದ ಬಂದ ಮೇಲೆ ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಹಗಲೂ ರಾತ್ರಿ ಬೇಕು ಅಂತ ಡಾಕ್ಟರು ಹೇಳಿದ್ದರು. ಗಾಳಿಯಿಂದಲೇ ಆಮ್ಲಜನಕ ಬೇರೆ ಮಾಡಿ ಕೊಡುವ ಯಂತ್ರ, ಅಂದರೆ ಕಾನ್ಸಂಟ್ರೇಟರ್, ಅಜ್ಜಿಯ ಮಂಚದ ಪಕ್ಕ ಇತ್ತು. ಅದು ಕರೆಂಟ್ ಇದ್ದರೆ ಮಾತ್ರ ನಡೆಯುತ್ತದೆ.

ಚಾವಣಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇತ್ತು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿ, 78,000 ರೂಪಾಯಿ ಸಬ್ಸಿಡಿಯನ್ನೂ ಪಡೆದಿದ್ದರು. ಲೈನಿಗೆ ಕೊಟ್ಟ ಕರೆಂಟನ್ನೂ ಲೈನಿನಿಂದ ಪಡೆದದ್ದನ್ನೂ ಲೆಕ್ಕ ಇಡುವ ನೆಟ್ ಮೀಟರ್ ಇದೆ. ಮೊದಲು ತಿಂಗಳಿಗೆ 2,100 ರೂಪಾಯಿ ಆಸುಪಾಸು ಬರುತ್ತಿದ್ದ ಬಿಲ್ಲು, ಈಗ ನಿಗದಿತ ಶುಲ್ಕ ಸೇರಿ 450ರ ಹತ್ತಿರ ಬರುತ್ತಿತ್ತು. ಇದರ ಜೊತೆಗೆ ಒಂದು ಹಳೇ ಇನ್ವರ್ಟರ್, ಐದು ವರ್ಷದ ಒಂದು ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಸೀಸದ ಬ್ಯಾಟರಿ.

ಆ ಮಾರ್ಚ್ ಬೆಳಗ್ಗೆ

ಉಪಕೇಂದ್ರದಲ್ಲಿ ನಿರ್ವಹಣೆ ಕೆಲಸ ಇದೆ, ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ ಅಂತ ಪೇಪರಿನಲ್ಲಿ ಪ್ರಕಟಣೆ ಬರುತ್ತದಲ್ಲ, ಅಂಥದ್ದೊಂದನ್ನು ಆ ದಿನ ಮನೆಯಲ್ಲಿ ಯಾರೂ ಓದಿರಲಿಲ್ಲ. ಹತ್ತಕ್ಕೆ ಕರೆಂಟ್ ಹೋಯ್ತು. ಇನ್ವರ್ಟರ್ ನಲವತ್ತು ನಿಮಿಷ ಎಳೆದು ಕೂಗಿಕೊಂಡು ನಿಂತಿತು. ಕಾನ್ಸಂಟ್ರೇಟರೂ ನಿಂತಿತು. ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ಅಜ್ಜಿಯ ಆಮ್ಲಜನಕ 93 ಇದ್ದದ್ದು 86ಕ್ಕೆ ಇಳಿಯಿತು. ಮಗ ಬೈಕ್ ಹತ್ತಿ ಸಿಲಿಂಡರ್ ಹುಡುಕಿ ತರುವ ಹೊತ್ತಿಗೆ ಒಂದೂಕಾಲು ಗಂಟೆ ಕಳೆದಿತ್ತು.

ಮೇಷ್ಟ್ರಿಗೆ ಭಯಕ್ಕಿಂತ ಸಂಕಟವೇ ಜಾಸ್ತಿ ಆಗಿತ್ತು. "ಮೇಲೆ ಬಿಸಿಲು ಧಗಧಗ ಅಂತಿದೆ, ಅಷ್ಟು ದುಡ್ಡು ಹಾಕಿ ಪ್ಯಾನೆಲ್ ಕೂರಿಸಿದ್ದೀನಿ, ಕೆಳಗೆ ನಮ್ಮಮ್ಮ ಉಸಿರಿಗೆ ಒದ್ದಾಡ್ತಿದ್ದಾರೆ. ಇದ್ಯಾವ ನ್ಯಾಯ ಹೇಳಿ?" ಅಂತ ಫೋನಿನಲ್ಲೇ ಕೇಳಿದರು.

ಇದು ತುಂಬಾ ಮನೆಗಳಲ್ಲಿ ಗೊತ್ತಿಲ್ಲದ ವಿಷಯ. ಬ್ಯಾಟರಿ ಇಲ್ಲದೆ ಬೀದಿಯ ಲೈನಿಗೇ ಜೋಡಿಸಿದ ಸೋಲಾರ್, ಅಂದರೆ ಆನ್‌ಗ್ರಿಡ್ ಸೋಲಾರ್, ಆ ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಂತುಬಿಡುತ್ತದೆ. ಅದು ಕೆಟ್ಟು ನಿಲ್ಲುವುದಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಚಾವಣಿಯಿಂದ ಹಿಂದಕ್ಕೆ ಹರಿದ ಕರೆಂಟ್ ಹೊಡೆಯಬಾರದು, ಅದಕ್ಕೆ. ಹಾಕಿಸಿಕೊಳ್ಳುವಾಗಲೇ ಇದನ್ನು ಬಿಡಿಸಿ ಹೇಳಬೇಕು. ಈ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಒಂದು ವಾರದಲ್ಲಿ ಒಂದು ಕಂಪನಿಯವರು ಬಂದು ಕೊಟೇಶನ್ ಕೊಟ್ಟರು. 10 ಕಿಲೋವ್ಯಾಟ್ ಅವರ್ ಲಿಥಿಯಂ ಬ್ಯಾಟರಿ, ನಮ್ಮ ಲೆಕ್ಕದಲ್ಲಿ ಹತ್ತು ಯೂನಿಟ್ ಹಿಡಿಯುವಂಥದ್ದು. ಜೊತೆಗೆ ಸೋಲಾರ್, ಬ್ಯಾಟರಿ, ಲೈನ್ ಮೂರನ್ನೂ ನೋಡಿಕೊಳ್ಳುವ 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್. ಒಟ್ಟು 4,60,000 ರೂಪಾಯಿ. ಏಳು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್, 6,000 ಸಲ ಚಾರ್ಜ್ ಮಾಡಬಹುದು, ಇಡೀ ಮನೆ ನಡೆಯುತ್ತದೆ ಅಂತ ಅದರಲ್ಲಿತ್ತು. ಮೇಷ್ಟ್ರು ಫಿಕ್ಸೆಡ್ ಡೆಪಾಸಿಟ್ ಮುರಿಸಲು ತಯಾರಾಗಿದ್ದರು. ಮಗ ನನಗೆ ಆ ಹಾಳೆಯ ಫೋಟೋ ಕಳಿಸಿ, "ಸರ್, ನಾಳೆ ಅಡ್ವಾನ್ಸ್ ಕೊಡೋದು, ಒಂದ್ಸಲ ನೋಡಿ" ಅಂದ.

ಮೊದಲ ತೀರ್ಮಾನ: ಅವಸರವನ್ನು ಬೇರೆ ಮಾಡಿದ್ದು

ನಾನು ಹೇಳಿದ್ದು ಇಷ್ಟೇ. ನಾಳೆ ಅಡ್ವಾನ್ಸ್ ಬೇಡ. ನಾಳೆ ಆಮ್ಲಜನಕದ ಒಂದು ಬಿ ಟೈಪ್ ಸಿಲಿಂಡರ್, ರೆಗ್ಯುಲೇಟರ್, ಸಿಲಿಂಡರ್ ತೆರೆಯುವ ಕೀ ತಂದು ಮನೆಯಲ್ಲಿಡಿ. ಅಜ್ಜಿಯ ಡಾಕ್ಟರಿಗೆ ಫೋನ್ ಮಾಡಿ ಎಷ್ಟಕ್ಕೆ ಇಡಬೇಕು ಅಂತ ಕೇಳಿ ಬರೆದುಕೊಳ್ಳಿ. ಬ್ಯಾಟರಿ ವಿಚಾರ ಆಮೇಲೆ.

ಇಡೀ ಪ್ರಕರಣದಲ್ಲಿ ದೊಡ್ಡ ತಿರುವು ಇದೇ ಅಂತ ಈಗಲೂ ನನಗನ್ನಿಸುತ್ತದೆ. ಭಯದಲ್ಲಿ ಇದ್ದವರಿಗೆ ಲೆಕ್ಕ ಹೇಳಿದರೆ ಕಿವಿಗೆ ಹೋಗುವುದಿಲ್ಲ. ಸಿಲಿಂಡರ್ ಮನೆಗೆ ಬಂದ ಮೇಲೆ ಮೇಷ್ಟ್ರು ನಿದ್ದೆ ಮಾಡಿದರು. ಆಮೇಲೆ ಎರಡು ತಿಂಗಳು ಕೂತು ಯೋಚಿಸುವಷ್ಟು ಸಮಾಧಾನ ಬಂತು.

ಸಿಲಿಂಡರ್ ಇಡುವ ಜಾಗದ್ದೇ ಒಂದು ಚರ್ಚೆ ಆಯಿತು. ಅಜ್ಜಿಯ ರೂಮಿಗೆ ಅಂಟಿಕೊಂಡೇ ದೇವರ ಮನೆ. ಬೆಳಗ್ಗೆ ಸಂಜೆ ದೀಪ, ಊದುಬತ್ತಿ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಹತ್ತಿದ ಬೆಂಕಿಯನ್ನು ಭಗ್ ಅನ್ನಿಸಿಬಿಡುತ್ತದೆ. ಅಜ್ಜಿಯ ಮಂಚವನ್ನು ಮುಂದಿನ ರೂಮಿಗೆ ಸಾಗಿಸಿದರು. ಅಜ್ಜಿಗೆ ಬೇಜಾರಾಯಿತು. "ಮಲಗಿದ್ದಲ್ಲಿಂದಲೇ ದೇವರು ಕಾಣ್ತಿತ್ತು ಕಣಪ್ಪ" ಅಂದರು. ಸೊಸೆ ಒಂದು ಚಾಮುಂಡೇಶ್ವರಿ ಪಟವನ್ನು ದೀಪವಿಲ್ಲದೆ ಎದುರು ಗೋಡೆಗೆ ಹಾಕಿಕೊಟ್ಟರು. ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಏನೂ ಸೋಕಿಸಬಾರದು ಅಂತ ಸಿಲಿಂಡರ್ ಮೇಲೆ ಚೀಟಿ ಅಂಟಿಸಿದೆವು.

ಅಳೆದು ನೋಡಿದ್ದು

ಅಡುಗೆಮನೆ ಗೋಡೆಯ ಕ್ಯಾಲೆಂಡರಿಗೆ ಒಂದು ಪೆನ್ನು ಕಟ್ಟಿದೆವು. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಅಷ್ಟೇ ಬರೆಯುವುದು. ಏಪ್ರಿಲ್, ಮೇ ಎರಡು ತಿಂಗಳನ್ನೇ ಆರಿಸಿಕೊಂಡೆವು. ಮುಂಗಾರಿಗೆ ಮುಂಚಿನ ಗುಡುಗು ಮಳೆ, ಗಾಳಿ, ಮರದ ಕೊಂಬೆ ಬೀಳುವುದು, ಎಲ್ಲ ಆಗಲೇ ಅಲ್ವಾ? ಕೆಟ್ಟ ಕಾಲದ ಲೆಕ್ಕ ಸಿಕ್ಕರೆ ಉಳಿದದ್ದು ಅದರೊಳಗೇ ಬರುತ್ತದೆ.

61 ದಿನದಲ್ಲಿ 37 ಸಲ ಕರೆಂಟ್ ಹೋಗಿತ್ತು. ಅದರಲ್ಲಿ 27 ಸಲ ಹೋಗಿದ್ದು ಕಾಲು ಗಂಟೆಗಿಂತ ಕಡಿಮೆ. ಆರು ಸಲ ಒಂದು ಗಂಟೆಯೊಳಗೆ ಬಂದಿತ್ತು. ಎರಡು ಸಲ ಎರಡೂವರೆ ಗಂಟೆ ಹತ್ತಿರ. ಉಳಿದ ಎರಡು ಮಾತ್ರ ದೊಡ್ಡವು. ಒಂದು 7 ಗಂಟೆ, ಇನ್ನೊಂದು ಗಾಳಿ ಮಳೆ ರಾತ್ರಿಯ 9 ಗಂಟೆ. ಎಲ್ಲ ಸೇರಿ 28 ಗಂಟೆ.

ಅದೇ ಹೊತ್ತಿಗೆ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಮೀಟರ್ ಒಂದನ್ನು ತಂದು ಯಾವುದು ಎಷ್ಟು ತಿನ್ನುತ್ತದೆ ಅಂತ ನೋಡಿದೆವು. ಕಾನ್ಸಂಟ್ರೇಟರ್ 320 ವ್ಯಾಟ್. ಹಳೇ ಫ್ಯಾನ್ ಒಂದೊಂದಕ್ಕೆ 75. ವೈಫೈ ಪೆಟ್ಟಿಗೆ 12. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಕರೆಂಟ್ ಇಲ್ಲದಾಗ ಏನೇನು ನಡೆಯಲೇಬೇಕು ಅಂತ ಕೇಳಿದಾಗ ಮೇಷ್ಟ್ರು ಮೊದಲು ಫ್ರಿಜ್ಜು, ಮಿಕ್ಸಿ, ಬೋರ್ ಮೋಟಾರ್, ಇಸ್ತ್ರಿಪೆಟ್ಟಿಗೆ ಎಲ್ಲ ಹೇಳಿದರು. ಅವರ ಪತ್ನಿ ಒಂದೊಂದೇ ಹೊಡೆದುಹಾಕಿದರು. ನೀರು ತೊಟ್ಟಿಯಲ್ಲಿ ತುಂಬಿರುತ್ತದೆ. ಬಿಸಿನೀರಿಗೆ ಚಾವಣಿ ಮೇಲೆ ಸೋಲಾರ್ ಹೀಟರ್ ಇದೆ. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ಮೂರು ನಾಲ್ಕು ಗಂಟೆ ಏನೂ ಆಗುವುದಿಲ್ಲ. ಚಟ್ನಿ ಆಮೇಲೆ ರುಬ್ಬಿದರಾಯಿತು. ಕೊನೆಗೆ ಉಳಿದದ್ದು ಕಾನ್ಸಂಟ್ರೇಟರ್, ಎರಡು ಫ್ಯಾನು, ಮೂರು ದೀಪ, ವೈಫೈ. ಫ್ಯಾನುಗಳನ್ನು ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಒಂದಕ್ಕೆ 30 ವ್ಯಾಟ್. ಒಟ್ಟು 420 ವ್ಯಾಟ್ ಆಸುಪಾಸು.

ಕೊಟೇಶನ್ ಕೊಟ್ಟವರು ಇಡೀ ಮನೆಯನ್ನು ಹೊರುವ ಬ್ಯಾಟರಿ ಕೊಟ್ಟಿದ್ದರು. ಬೇಕಾಗಿದ್ದದ್ದು ಒಂದು ಮಂಚದ ಸುತ್ತ ಇರುವುದನ್ನು ಹೊರುವಂಥದ್ದು.

ದುಡ್ಡು ವಾಪಸ್ ಬರುತ್ತದಾ?

ಮೇಷ್ಟ್ರು ಗಣಿತದವರು. ಅವರೇ ಕೊಟೇಶನ್ ಹಾಳೆ ಮುಂದಿಟ್ಟುಕೊಂಡು ಕೂತರು. ಏಳು ವರ್ಷದಲ್ಲಿ 4,60,000 ವಾಪಸ್ ಬರಬೇಕಾದರೆ ತಿಂಗಳಿಗೆ ಸುಮಾರು 5,500 ಉಳಿಯಬೇಕು. ಈ ಮನೆಯ ಬಿಲ್ಲೇ 450. ಇಲ್ಲದ ಬಿಲ್ಲಿನಲ್ಲಿ ಉಳಿಸುವುದು ಎಲ್ಲಿಂದ? ವಿಚಾರಿಸಿದಾಗ, ಡೀಸೆಲ್ ಜನರೇಟರ್ ಓಡಿಸಿದ್ದರೆ ಆಗುತ್ತಿದ್ದ ಖರ್ಚನ್ನೂ ಉಳಿತಾಯಕ್ಕೆ ಸೇರಿಸಿದ್ದಾರೆ ಅಂತ ಗೊತ್ತಾಯಿತು. ಈ ಮನೆಯಲ್ಲಿ ಜನರೇಟರ್ ಯಾವತ್ತೂ ಇರಲಿಲ್ಲ.

ನೆಟ್ ಮೀಟರ್ ಇರುವ ಮನೆಗೆ ಬ್ಯಾಟರಿಯಿಂದ ಬಿಲ್ ಇಳಿಯುವುದಿಲ್ಲ. ಹಗಲು ಹೆಚ್ಚಾದ ಯೂನಿಟ್ ಲೈನಿಗೆ ಹೋಗುತ್ತದೆ, ರಾತ್ರಿ ಅದೇ ಲೆಕ್ಕದಲ್ಲಿ ವಾಪಸ್ ಬರುತ್ತದೆ. ಲೈನೇ ನಿಮ್ಮ ಉಗ್ರಾಣ. ಅದೇ ಯೂನಿಟನ್ನು ಮನೆಯ ಬ್ಯಾಟರಿಗೆ ತುಂಬಿ ತೆಗೆದರೆ, ಲಿಥಿಯಂನಲ್ಲೂ ನೂರಕ್ಕೆ ಹತ್ತರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಈ ಮನೆಯ ಬಿಲ್ಲಿನಲ್ಲಿ ಹಗಲಿಗೊಂದು ರಾತ್ರಿಗೊಂದು ದರವೂ ಇರಲಿಲ್ಲ. ಕಡಿಮೆ ದರದಲ್ಲಿ ತುಂಬಿ, ದುಬಾರಿ ಹೊತ್ತಿನಲ್ಲಿ ಖರ್ಚು ಮಾಡುವ ಲಾಭ ಬೇರೆ ದೇಶದ ಮನೆಗಳಿಗೆ ಸಿಗಬಹುದು, ಈ ಮನೆಗೆ ಸಿಗುವುದಿಲ್ಲ. ಇದೇ ಬೀದಿಯಲ್ಲಿ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರೊಬ್ಬರೂ ಆಗ ಬಂದು ಕೇಳಿದರು. ಅವರಿಗೂ ಅದೇ ಉತ್ತರ.

ಮೇಷ್ಟ್ರ ಸಂಕಟಕ್ಕೂ ಒಂದು ಲೆಕ್ಕ ಸಿಕ್ಕಿತು. 3 ಕಿಲೋವ್ಯಾಟ್ ಪ್ಯಾನೆಲ್ ಚೆನ್ನಾಗಿ ಬಿಸಿಲಿರುವ ದಿನ ಸುಮಾರು 12 ಯೂನಿಟ್ ಕೊಡುತ್ತದೆ. ಹತ್ತರಿಂದ ಐದರವರೆಗೆ ಕರೆಂಟ್ ಇಲ್ಲದಿದ್ದರೆ ಹೋಗುವುದು ಹತ್ತು ಯೂನಿಟ್. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೂ 70 ರೂಪಾಯಿ. "ಎಪ್ಪತ್ತು ರೂಪಾಯಿಗೆ ನಾನು ಇಷ್ಟು ಹೊಟ್ಟೆ ಉರ್ಕೊಂಡೆನಾ" ಅಂತ ಅವರು ಹಾಳೆ ಮಡಚಿಟ್ಟರು.

6,000 ಸಲದ ಮಾತಿಗೆ ಬರುತ್ತೇನೆ. ದಿನಕ್ಕೊಂದು ಸಲ ತುಂಬಿ ಖಾಲಿ ಮಾಡಿದರೆ ಅದು ಹದಿನಾರು ವರ್ಷ. ಆದರೆ ಬ್ಯಾಟರಿ ಸುಮ್ನೆ ಕೂತಿದ್ದರೂ ಮುದಿಯಾಗುತ್ತದೆ. ವಯಸ್ಸು ಮತ್ತು ಸೆಕೆ ಅದನ್ನು ತಿನ್ನುತ್ತವೆ. ಮೆಟ್ಟಿಲ ಮೇಲಿನ ಶೀಟ್ ಹೊದಿಸಿದ ಗೂಡಿನಲ್ಲಿ ಇಡೋಣ ಅಂತ ಕಂಪನಿಯವರು ಅಂದಿದ್ದರು. ಏಪ್ರಿಲ್ ಮಧ್ಯಾಹ್ನ ಅಲ್ಲಿ ಹೋಗಿ ನಿಂತರೆ ಐದು ನಿಮಿಷಕ್ಕೆ ಅಂಗಿ ಒದ್ದೆಯಾಗುತ್ತದೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಪೂರ್ತಿ ಖಾಲಿಯಾಗುವ ಬ್ಯಾಟರಿಗೆ 6,000ದ ಸಂಖ್ಯೆ ನೋಡಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಹಾಗಂತ ಲಿಥಿಯಂ ಯಾರಿಗೂ ಬೇಡ ಅಂತಲ್ಲ. ಮಂಡ್ಯ ಕಡೆಯ ಒಂದು ತೋಟದ ಮನೆಗೆ ನಾನೇ ಐದು ಯೂನಿಟ್ಟಿನದನ್ನು ಹಾಕಿಸಿದ್ದೇನೆ. ಅಲ್ಲಿ ದಿನಾ ಮೂರು ನಾಲ್ಕು ಗಂಟೆ ಕರೆಂಟ್ ಇರುವುದಿಲ್ಲ, ನೆಟ್ ಮೀಟರ್ ಇಲ್ಲ. ಬ್ಯಾಟರಿ ದಿನವೂ ದುಡಿಯುತ್ತದೆ. ಅಂಥ ಕಡೆ ಸೀಸದ ಬ್ಯಾಟರಿ ಹಾಕಿದರೆ ಎರಡು ಮೂರು ವರ್ಷಕ್ಕೇ ಕೈಕೊಡುತ್ತದೆ.

ಏನು ತೆಗೆದುಕೊಂಡರು

ಮೊದಲು ಹಳೇ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದೆ. ಆರು ಕೋಣೆಯಲ್ಲಿ ಎರಡರಲ್ಲಿ ನೀರು ಪ್ಲೇಟಿಗಿಂತ ಕೆಳಗೆ ಹೋಗಿತ್ತು. ಮಾರ್ಚಿನಲ್ಲಿ ನಲವತ್ತು ನಿಮಿಷಕ್ಕೆ ನಿಂತದ್ದಕ್ಕೆ ಕಾರಣ ಅರ್ಧ ಅಲ್ಲೇ ಇತ್ತು. ಇನ್ನರ್ಧ, ಒಂದು 12 ವೋಲ್ಟಿನ ಬ್ಯಾಟರಿಯಿಂದ ಅಷ್ಟು ಭಾರ ಎಳೆದದ್ದು. ಜೊತೆಗೆ ಅದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಕೊಡುವ ಕರೆಂಟ್ ಲೈನಿನದರ ಹಾಗೆ ನಯವಾಗಿರುವುದಿಲ್ಲ. ಅದರಲ್ಲಿ ಕಾನ್ಸಂಟ್ರೇಟರಿನ ಕಂಪ್ರೆಸರ್ ಗುಂಯ್ ಅಂತ ನರಳುತ್ತಾ ಬಿಸಿಯಾಗುತ್ತಿತ್ತು.

ಮೂರು ದಾರಿ ಮುಂದಿದ್ದವು. ಹತ್ತು ಯೂನಿಟ್ ಲಿಥಿಯಂ, 4,60,000. ಐದು ಯೂನಿಟ್ ಲಿಥಿಯಂ ಮತ್ತು ಹೈಬ್ರಿಡ್ ಇನ್ವರ್ಟರ್, 2,35,000. ಇಲ್ಲವೇ ಲೈನಿನಂಥದ್ದೇ ನಯವಾದ ಕರೆಂಟ್ ಕೊಡುವ 24 ವೋಲ್ಟಿನ ಪ್ಯೂರ್ ಸೈನ್ ವೇವ್ ಇನ್ವರ್ಟರ್, 150 ಆಂಪಿಯರ್ ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ, ಹಳೇದನ್ನು ಕೊಟ್ಟು 48,000. ಎರಡನೆಯದಕ್ಕೆ ನನ್ನ ಮನಸ್ಸೂ ವಾಲಿತ್ತು. ಹಗಲು ಕರೆಂಟ್ ಹೋದರೂ ಬಿಸಿಲಿನಿಂದಲೇ ತುಂಬಿಕೊಳ್ಳುತ್ತದೆ, ರಾತ್ರಿಯ 9 ಗಂಟೆಯನ್ನೂ ದಾಟಿಸುತ್ತದೆ. ಆದರೆ ಅದಕ್ಕಾಗಿ ಇನ್ನೂ ವಾರಂಟಿಯಲ್ಲಿದ್ದ ಹೊಸಾ ಆನ್‌ಗ್ರಿಡ್ ಇನ್ವರ್ಟರನ್ನು ಕಿತ್ತು ಪಕ್ಕಕ್ಕಿಡಬೇಕಿತ್ತು.

ತೀರ್ಮಾನ ಮಾಡಿಸಿದ್ದು ಸಿಲಿಂಡರ್. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 2 ಲೀಟರಿನ ಹಾಗೆ 12 ಗಂಟೆ. ಸ್ವಲ್ಪ ಕೈಬಿಟ್ಟು ಹತ್ತು ಗಂಟೆ ಅಂತ ಹಿಡಿದೆವು. ಅಂದರೆ ಈ ಮನೆಯಲ್ಲಿ ಕೂಡಿಡಬೇಕಾಗಿದ್ದು ಕರೆಂಟೇ ಆಗಬೇಕಿರಲಿಲ್ಲ. ಅಜ್ಜಿಗೆ ಬೇಕಾದ ವಸ್ತುವನ್ನೇ ನೇರವಾಗಿ ಕೂಡಿಡಬಹುದಿತ್ತು. ಟ್ಯೂಬುಲರ್ ಜೋಡಿಯ ಮೇಲೆ ಬರೆದದ್ದು 3.6 ಯೂನಿಟ್. ಬಾಳಿಕೆ ಬರಬೇಕಾದರೆ ಅರ್ಧವನ್ನೇ ಬಳಸಬೇಕು. ಇನ್ವರ್ಟರಿನಲ್ಲಿ ಸೋರುವುದನ್ನು ಕಳೆದರೆ 420 ವ್ಯಾಟಿಗೆ ಅದು ಮೂರೂವರೆ ಗಂಟೆ ಮೇಲೆ ಸ್ವಲ್ಪ. ಕ್ಯಾಲೆಂಡರಿನ 37ರಲ್ಲಿ 35 ಅದರೊಳಗೇ ಬಂದವು. ಉಳಿದೆರಡಕ್ಕೆ ಸಿಲಿಂಡರ್.

ಇನ್ವರ್ಟರ್, ಬ್ಯಾಟರಿ 48,000, ಎರಡು ಫ್ಯಾನ್ 6,200, ಅಜ್ಜಿಯ ರೂಮಿಗೆ ಬೇರೆ ಲೈನ್ ಎಳೆಯಲು 3,800, ಸಿಲಿಂಡರಿನ ಠೇವಣಿ, ರೆಗ್ಯುಲೇಟರ್ ಎಲ್ಲ 9,500. ಒಟ್ಟು 67,500. ಬ್ಯಾಟರಿಗಳನ್ನು ಗಾಳಿಯಾಡುವ ಹಿಂದಿನ ಯುಟಿಲಿಟಿಯಲ್ಲಿ ಇಟ್ಟೆವು, ಚಾರ್ಜ್ ಆಗುವಾಗ ಅದರಿಂದ ಜಲಜನಕ ಹೊರಬರುತ್ತದೆ.

ಆಮೇಲೆ ಆದದ್ದು

ಮೊದಲ ರಾತ್ರಿಯೇ ಒಂದು ತಪ್ಪು ಹೊರಬಿತ್ತು, ಅದು ನನ್ನದು. ಒಂದೂವರೆಗೆ ಕರೆಂಟ್ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋಗಿ ಬಂತು. ಕಾನ್ಸಂಟ್ರೇಟರ್ ಕೂಗಿ ನಿಂತಿತು. ಮಗ ಎದ್ದು ಮತ್ತೆ ಒತ್ತಬೇಕಾಯಿತು. ಬ್ಯಾಟರಿ ತುಂಬಿದ್ದರೂ, ಲೈನಿನಿಂದ ಬ್ಯಾಟರಿಗೆ ದಾಟುವ ಆ ಚೂರು ಹೊತ್ತನ್ನು ಯಂತ್ರ ತಾಳುತ್ತಿರಲಿಲ್ಲ. ಇನ್ವರ್ಟರಿನ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆ ಹಾಕಿದರೆ ಥಟ್ಟನೆ ದಾಟುತ್ತದೆ. ನಾನು ಹಾಕಿರಲಿಲ್ಲ. ದೊಡ್ಡ ಎರಡು ಸಲದ ಬಗ್ಗೆಯೇ ಯೋಚಿಸುತ್ತಾ, ಮನೆಯವರ ನಿದ್ದೆ ಕೆಡಿಸುವ 27 ಚಿಕ್ಕವನ್ನು ಮರೆತಿದ್ದೆ. ಸ್ವಿಚ್ ಬದಲಿಸಿದ ಮೇಲೆ ಕೂಗುವುದು ನಿಂತಿತು. ಆದರೆ ಆ ಸ್ಥಿತಿಯಲ್ಲಿ ಸಂಜೆ ವೋಲ್ಟೇಜ್ ಇಳಿದರೂ ಅದು ಬ್ಯಾಟರಿಗೆ ಹೋಗುತ್ತದೆ, ಹಾಗಾಗಿ ನೀರು ನೋಡುವುದನ್ನು ತಿಂಗಳಿಗೊಮ್ಮೆ ಮಾಡಿದೆವು.

ಒಂದು ಭಾನುವಾರ ಬೇಕಂತಲೇ ಮೇನ್ ಸ್ವಿಚ್ ಇಳಿಸಿದೆವು. ಮಗ, ಮೇಷ್ಟ್ರು ಇಬ್ಬರೂ ಮನೆಯಲ್ಲಿಲ್ಲ ಅಂತ ಇಟ್ಟುಕೊಳ್ಳಿ, ಮಗನ ಅಮ್ಮ ಒಬ್ಬರೇ ಸಿಲಿಂಡರಿಗೆ ಬದಲಿಸಬೇಕು. ಅವರು ಕೀ ಹಾಕಿ ತಿರುಗಿಸಿದರು. ತಿರುಗಲಿಲ್ಲ. ಎರಡೂ ಕೈ ಹಾಕಿದರು, ಬೆರಳು ಕೆಂಪಾಯಿತು. ಹಿಂದಿನ ದಿನ ಮಗ ಅಷ್ಟು ಬಿಗಿಯಾಗಿ ಮುಚ್ಚಿದ್ದ. ಅದನ್ನು ಸಡಿಲಿಸಿಕೊಟ್ಟ ಮೇಲೆ ತೆರೆದರೆ, ರೆಗ್ಯುಲೇಟರ್ ಕೂಡುವ ಜಾಗದಲ್ಲಿ ಸುಸ್ ಅಂತ ಸದ್ದು. ಒಳಗಿನ ವಾಷರ್ ಹೋಗಿತ್ತು. ಅಂಗಡಿಯಲ್ಲಿ ಹೊಸದು ತಂದು ಹಾಕಿದೆವು. ಆಮೇಲೆ ಅಮ್ಮ ಒಬ್ಬರೇ ಮೂರು ಸಲ ಬದಲಿಸಿ ನೋಡಿದರು. ಮೊದಲ ಸಲಕ್ಕೆ ನಾಲ್ಕು ನಿಮಿಷ, ಮೂರನೆಯದಕ್ಕೆ ಒಂದೂವರೆ. ನಾಲ್ಕೂವರೆ ಲಕ್ಷದ ಬ್ಯಾಟರಿ ತಂದು ಕೂರಿಸಿದ್ದರೂ ಈ ಭಾನುವಾರ ಬೇಕೇ ಇತ್ತು ಅಂತ ನನ್ನ ಅನಿಸಿಕೆ, ಯಾಕೆಂದರೆ ಅದೂ ಒಂದು ದಿನ ಟ್ರಿಪ್ ಆಗಬಹುದು.

ಸೆಪ್ಟೆಂಬರಿನಲ್ಲಿ ಮತ್ತೆ ಹತ್ತರಿಂದ ಐದರ ನಿರ್ವಹಣೆ ಬಂತು. ಈ ಸಲ ಪೇಪರ್ ಓದಿದ್ದರು. ಬ್ಯಾಟರಿ ಮೂರು ಗಂಟೆ ಐವತ್ತು ನಿಮಿಷ ನಡೆಯಿತು. ಆಮೇಲೆ ಸಿಲಿಂಡರ್. ಬೆರಳಿನ ಮೀಟರಿನಲ್ಲಿ ಅಜ್ಜಿಯ ಆಮ್ಲಜನಕ 92ಕ್ಕಿಂತ ಕೆಳಗೆ ಇಳಿಯಲಿಲ್ಲ. ಮಗನ ಫೋನಿಗೆ ಅಮ್ಮ ಮೆಸೇಜ್ ಮಾಡಿದ್ದರು, "ಬದಲಾಯಿಸಿದೆ, ಅಜ್ಜಿ ಮಲಗಿದ್ದಾರೆ."

ಡಿಸೆಂಬರಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಆಮ್ಲಜನಕ ರಾತ್ರಿ ಮಾತ್ರ ಸಾಕು ಅಂದರು. ಬೇಕಿದ್ದದ್ದು ಅರ್ಧಕ್ಕರ್ಧ ಇಳಿಯಿತು. ಇದು ಹೀಗಾಗುತ್ತದೆ ಅಂತ ಮಾರ್ಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಚ್ಚಾಗಲೂಬಹುದಿತ್ತು. ಅದಕ್ಕೇ ಮೇಷ್ಟ್ರು ಜೂನಿನಲ್ಲೇ ಒಂದು ಹಾಳೆ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾರೆ, ಯಾವಾಗ ಲಿಥಿಯಂ ತೆಗೆದುಕೊಳ್ಳಬೇಕು ಅಂತ. ಅಜ್ಜಿಗೆ 4 ಲೀಟರ್ ಬೇಕಾಗಿ ಸಿಲಿಂಡರ್ ಆರು ಗಂಟೆಗೇ ಮುಗಿಯುವ ಹಾಗಾದರೆ. ನೆಟ್ ಮೀಟರಿನ ನಿಯಮ ಬದಲಾಗಿ, ಲೈನಿಗೆ ಕೊಟ್ಟ ಯೂನಿಟ್ಟಿಗೆ ಸಿಗುವುದು ತುಂಬಾ ಕಡಿಮೆಯಾದರೆ, ಇಲ್ಲವೇ ರಾತ್ರಿಗೆ ಬೇರೆ ದರ ಬಂದರೆ. ಟ್ಯೂಬುಲರ್ ಜೋಡಿ ಮುಗಿಯುವ ಹೊತ್ತಿಗೆ ಸೋಲಾರ್ ಇನ್ವರ್ಟರಿನ ವಾರಂಟಿಯೂ ಮುಗಿದಿದ್ದರೆ, ಆಗ ಎರಡನ್ನೂ ಒಟ್ಟಿಗೆ ಬದಲಿಸುವ ಲೆಕ್ಕ ಹೊಸದಾಗಿ ಹಾಕಬೇಕು.

ಸಂಕ್ರಾಂತಿಗೆ ಎಳ್ಳು ಬೆಲ್ಲ ತೆಗೆದುಕೊಳ್ಳಲು ಹೋದಾಗ ನೋಡಿದೆ. ಹೊಸ ವರ್ಷದ ಕ್ಯಾಲೆಂಡರಿಗೂ ಪೆನ್ನು ಕಟ್ಟಿದ್ದರು. ಜನವರಿ ಪುಟದಲ್ಲಿ ಆ ತನಕ ನಾಲ್ಕು ಗುರುತು, ಎಲ್ಲವೂ ಹತ್ತು ನಿಮಿಷದೊಳಗಿನವು. ಪಕ್ಕದ ಮೊಳೆಗೆ ದಾರ ಕಟ್ಟಿ ಸಿಲಿಂಡರ್ ಕೀ ನೇತುಹಾಕಿದ್ದರು. ಅಜ್ಜಿ ಮೂಗಿನ ನಳಿಗೆ ಇಲ್ಲದೆ ಹಜಾರದಲ್ಲಿ ಕೂತು ಕೊಬ್ಬರಿ ಚೂರು ಮಾಡುತ್ತಿದ್ದರು.